ಹನ್ನೆರಡನೆಯ ತರಗತಿಯ ದೀರ್ಘ ವರ್ಷ: ಓದಿನ ಹುರುಪು ಬತ್ತುವುದೇಕೆ, ಉಳಿಯುವುದು ಹೇಗೆ?

ಜೂನ್ ತಿಂಗಳ ಮಳೆಯೊಂದಿಗೆ ಆರಂಭವಾಗುವ ಹನ್ನೆರಡನೆಯ ತರಗತಿಯ ವರ್ಷವು ಫೆಬ್ರವರಿಯ ಪರೀಕ್ಷೆಯನ್ನು ತಲುಪುವಷ್ಟರಲ್ಲಿ ಮನೆಯೊಂದರ ದಿನಚರಿಯನ್ನೇ ಬದಲಿಸಿಬಿಡುತ್ತದೆ. ಠಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿ ಮುಂಬಯಿ ಪರಿಸರದಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಇದು ಎದ್ದು ಕಾಣುವ ಸಂಗತಿ. ಟಿ.ವಿ.ಯ ಸದ್ದು ತಗ್ಗುತ್ತದೆ. ಊರಿನ ಮದುವೆ, ಪೂಜೆ, ನೇಮೋತ್ಸವಗಳಿಗೆ ಮನೆಯ ಒಬ್ಬರು ಮಾತ್ರ ಹೋಗಿಬರುತ್ತಾರೆ. ಸಂಘದ ವಾರ್ಷಿಕೋತ್ಸವದ ನಾಟಕಕ್ಕೆ ಪ್ರತಿವರ್ಷ ಬಣ್ಣ ಹಚ್ಚುತ್ತಿದ್ದ ಹುಡುಗ ಈ ಬಾರಿ ಇಲ್ಲ ಎಂದು ಎಲ್ಲರಿಗೂ ಹೇಳದೆಯೇ ತಿಳಿಯುತ್ತದೆ. ಇಷ್ಟೆಲ್ಲ ತ್ಯಾಗ ನಡೆದಿದ್ದರೂ ಗಣೇಶೋತ್ಸವ ಮುಗಿದು ದೀಪಾವಳಿ ಸಮೀಪಿಸುವ ಹೊತ್ತಿಗೆ ಅನೇಕ ಮನೆಗಳಲ್ಲಿ ಒಂದೇ ಬಗೆಯ ದೂರು ಕೇಳಿಬರುತ್ತದೆ: ಮೊದಲು ತಾನಾಗಿ ಓದುತ್ತಿದ್ದ ಮಗ ಅಥವಾ ಮಗಳು ಈಗ ಪುಸ್ತಕದ ಮುಂದೆ ಕುಳಿತಿದ್ದರೂ ಓದುತ್ತಿಲ್ಲ.

ಇದನ್ನು ಮಕ್ಕಳ ಆಲಸ್ಯವೆಂದು ತೀರ್ಮಾನಿಸುವ ಮುನ್ನ ಆ ವರ್ಷದ ರಚನೆಯನ್ನು ಒಮ್ಮೆ ನೋಡುವುದು ಒಳಿತು. ಮಹಾರಾಷ್ಟ್ರ ರಾಜ್ಯ ಮಾಧ್ಯಮಿಕ ಮತ್ತು ಉಚ್ಚ ಮಾಧ್ಯಮಿಕ ಶಿಕ್ಷಣ ಮಂಡಳಿಯು ತನ್ನ ಒಂಬತ್ತು ವಿಭಾಗೀಯ ಮಂಡಳಿಗಳ ಮೂಲಕ ಎಚ್.ಎಸ್.ಸಿ. ಪರೀಕ್ಷೆಯನ್ನು ನಡೆಸುತ್ತದೆ. ನಮ್ಮ ಪ್ರದೇಶವು ಮುಂಬಯಿ ವಿಭಾಗಕ್ಕೆ ಸೇರಿದ್ದು, ಅದರ ಕಚೇರಿ ವಾಶಿಯಲ್ಲಿದೆ. ಡಿಸೆಂಬರ್-ಜನವರಿಯಲ್ಲಿ ಕಾಲೇಜಿನ ಪ್ರಿಲಿಮ್ ಪರೀಕ್ಷೆ, ಅದರ ಬೆನ್ನಿಗೆ ಪ್ರಾಯೋಗಿಕ ಹಾಗೂ ಮೌಖಿಕ ಪರೀಕ್ಷೆಗಳು, ನಂತರ ಲಿಖಿತ ಪರೀಕ್ಷೆ. 2025ರಲ್ಲಿ ಲಿಖಿತ ಪರೀಕ್ಷೆಯು ಫೆಬ್ರವರಿ 11ರಂದೇ ಆರಂಭವಾಯಿತು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ 70 ಅಂಕಗಳು ಲಿಖಿತಕ್ಕೆ, 30 ಪ್ರಯೋಗಕ್ಕೆ. ಗಣಿತ, ಇಂಗ್ಲಿಷ್ ಹಾಗೂ ವಾಣಿಜ್ಯ ವಿಷಯಗಳಲ್ಲಿ 80 ಮತ್ತು 20. ತೇರ್ಗಡೆಗೆ ಬೇಕಾದುದು ಶೇಕಡಾ 35. ಅದೇ 2025ರ ಮೇ ತಿಂಗಳಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ರಾಜ್ಯದ ಶೇಕಡಾ 91.88ರಷ್ಟು, ಮುಂಬಯಿ ವಿಭಾಗದ ಶೇಕಡಾ 92.93ರಷ್ಟು ವಿದ್ಯಾರ್ಥಿಗಳು ಉತ್ತೀರ್ಣರಾದರು. ಅಂದರೆ ನಮ್ಮ ಮಕ್ಕಳನ್ನು ಕಾಡುವುದು ಅನುತ್ತೀರ್ಣರಾಗುವ ಭಯಕ್ಕಿಂತ ಹೆಚ್ಚಾಗಿ, ಹತ್ತರಲ್ಲಿ ಒಂಬತ್ತು ಮಂದಿ ದಾಟುವ ಹೊಸ್ತಿಲಿನಾಚೆ ತಾವೆಲ್ಲಿ ನಿಲ್ಲುತ್ತೇವೆ ಎಂಬ ಭಯ.

ವಿಜ್ಞಾನ ವಿಭಾಗದವರಿಗಂತೂ ಮಂಡಳಿಯ ಪರೀಕ್ಷೆ ಹಲವು ಪರೀಕ್ಷೆಗಳಲ್ಲಿ ಒಂದು ಮಾತ್ರ. ಜನವರಿಯಲ್ಲೂ ಏಪ್ರಿಲಿನಲ್ಲೂ ಜೆ.ಇ.ಇ. ಮೇನ್, ಬೇಸಗೆಯಲ್ಲಿ ರಾಜ್ಯದ ಎಂ.ಎಚ್.ಟಿ.-ಸಿ.ಇ.ಟಿ., ಮೇ ತಿಂಗಳಲ್ಲಿ ವೈದ್ಯಕೀಯಕ್ಕೆ ನೀಟ್. ಇವುಗಳ ಸ್ವಭಾವವೂ ಒಂದೇ ಅಲ್ಲ. ಮಂಡಳಿಯ ಪರೀಕ್ಷೆಯಲ್ಲಿ ವ್ಯಾಖ್ಯೆ, ಚಿತ್ರ, ಹಂತಹಂತವಾದ ಬಿಡಿಸುವಿಕೆ ಬೇಕು. ಸಿ.ಇ.ಟಿ.ಯಲ್ಲಿ ವೇಗ ಬೇಕು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದರೆ ಸುಮಾರು ಶೇಕಡಾ 20ರಷ್ಟು ಪ್ರಶ್ನೆಗಳು ಹನ್ನೊಂದನೆಯ ತರಗತಿಯ ಪಾಠದಿಂದ ಬರುತ್ತವೆ. ನೀಟ್‌ನಲ್ಲಿ ಸರಿಯುತ್ತರಕ್ಕೆ ನಾಲ್ಕು ಅಂಕ ಸಿಕ್ಕರೆ, ತಪ್ಪಿಗೆ ಒಂದು ಅಂಕ ಕೈಬಿಡುತ್ತದೆ. ಒಂದೇ ಭೌತಶಾಸ್ತ್ರವನ್ನು ಮೂರು ಬಗೆಯಲ್ಲಿ ಓದಬೇಕಾದ ಹುಡುಗನಿಗೆ ಯಾವ ದಿನ ಯಾವುದು ಮುಗಿಯಿತು ಎಂಬುದೇ ತಿಳಿಯದಂತಾಗುವುದು ಸಹಜ. ವಾಣಿಜ್ಯ ವಿಭಾಗದವರಲ್ಲಿಯೂ ಸಿ.ಎ. ಫೌಂಡೇಶನ್ ಕನಸು ಹೊತ್ತವರ ಸ್ಥಿತಿ ಇದಕ್ಕಿಂತ ಬಹಳ ಭಿನ್ನವಲ್ಲ. ಇನ್ನು ಕಲಾ ವಿಭಾಗವನ್ನು ಆಯ್ದವರಿಗೆ ಪರೀಕ್ಷೆಯ ಹೊರೆಗಿಂತ ನೆಂಟರಿಷ್ಟರ ಅನುಕಂಪದ ಹೊರೆಯೇ ದೊಡ್ಡದು. ಕಲಾ ಪದವಿ ಪಡೆದು ಬ್ಯಾಂಕಿನ ಉದ್ಯೋಗದಲ್ಲಿ ಮೂರು ದಶಕ ಕಳೆದ ನಮ್ಮಂಥವರಿಗೆ ಆ ಅನುಕಂಪದ ಅರ್ಥ ಈಗಲೂ ಆಗಿಲ್ಲ.

ಹುರುಪು ಬತ್ತಲು ಮುಖ್ಯ ಕಾರಣ ಇಲ್ಲಿಯೇ ಇದೆ. ಗುರಿ ಎಂಟು ತಿಂಗಳ ಆಚೆ ಇದೆ, ಆದರೆ ಶ್ರಮ ಪ್ರತಿದಿನದ್ದು. ಬ್ಯಾಂಕಿನಲ್ಲಿ ಸಂಜೆ ನಗದು ತಾಳೆಯಾದ ಮೇಲೆ ಆ ದಿನ ಮುಗಿಯಿತು ಎಂಬ ಸಮಾಧಾನದಿಂದ ಎಲ್ಲರೂ ಮನೆಗೆ ಹೋಗುತ್ತಾರೆ. ವಿದ್ಯಾರ್ಥಿಗೆ ಅಂಥ ಸಂಜೆಯೇ ಇಲ್ಲ. ಎಷ್ಟು ಓದಿದರೂ ಉಳಿದದ್ದೇ ಹೆಚ್ಚು. ತರಬೇತಿ ಕೇಂದ್ರದ ವಾರದ ಪರೀಕ್ಷೆಯ ಶ್ರೇಯಾಂಕಪಟ್ಟಿಯೋ ಅವನು ಕಲಿತದ್ದೇನು ಎಂಬುದನ್ನು ಹೇಳುವುದಿಲ್ಲ, ಎಷ್ಟು ಮಂದಿಯ ಹಿಂದಿದ್ದಾನೆ ಎಂಬುದನ್ನು ಮಾತ್ರ ಹೇಳುತ್ತದೆ. ದಿನದ ಲೆಕ್ಕ ಎಂದೂ ತಾಳೆಯಾಗದ ಕೆಲಸದಲ್ಲಿ ದೊಡ್ಡವರಿಗೇ ಉತ್ಸಾಹ ಉಳಿಯಲಾರದು, ಹದಿನೇಳರ ಮಕ್ಕಳಲ್ಲಿ ಉಳಿಯಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಆದ್ದರಿಂದ ಓದಿನ ದಿನಕ್ಕೂ ಒಂದು ಮುಕ್ತಾಯ ಬೇಕು. "ಇಂದು ರಸಾಯನಶಾಸ್ತ್ರ ಓದುತ್ತೇನೆ" ಎಂಬುದಕ್ಕೆ ಮುಕ್ತಾಯವಿಲ್ಲ. "ಇಂದು ದ್ರಾವಣಗಳ ಅಧ್ಯಾಯದ ಎಂಟು ಲೆಕ್ಕಗಳನ್ನು ಪುಸ್ತಕ ಮುಚ್ಚಿ ಬಿಡಿಸುತ್ತೇನೆ" ಎಂಬುದಕ್ಕೆ ಇದೆ. ಎಂಟು ಮುಗಿದರೆ ದಿನ ತಾಳೆಯಾಯಿತು. ಆರೇ ಆದರೆ ಎರಡು ಬಾಕಿ ಎಂದು ಬರೆದಿಟ್ಟು ಮಲಗಬಹುದು. ಇದಕ್ಕೆ ಸಾಮಾನ್ಯವಾದ ಒಂದು ನೂರು ಪುಟದ ನೋಟ್‌ಬುಕ್ ಸಾಕು. ಬಣ್ಣಬಣ್ಣದ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸುವ ಉತ್ಸಾಹ ಜೂನ್ ತಿಂಗಳಲ್ಲಿ ಎಲ್ಲ ಮನೆಗಳಲ್ಲೂ ಇರುತ್ತದೆ. ಆಗಸ್ಟಿನ ವೇಳೆಗೆ ಆ ಪಟ್ಟಿಯೇ ಗೋಡೆಯ ಮೇಲಿನ ಆಪಾದನೆಯಂತೆ ಕಾಣತೊಡಗುತ್ತದೆ.

ಮನಸ್ಸು ಬಂದಾಗ ಓದುವುದು ಎಂಬ ನಂಬಿಕೆಯನ್ನು ಕೂಡ ಪರಿಶೀಲಿಸಬೇಕಾಗಿದೆ. ಅನುಭವ ಹೇಳುವುದು ಇದಕ್ಕೆ ವಿರುದ್ಧವಾದುದನ್ನು. ಕೆಲಸ ಆರಂಭವಾದ ಹತ್ತು ನಿಮಿಷಗಳ ಮೇಲೆ ಮನಸ್ಸು ಬರುತ್ತದೆ, ಮೊದಲೇ ಬರುವುದು ಅಪರೂಪ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಅವರು 1999ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನವೊಂದರಲ್ಲಿ, ಬರಿಯ ಸಂಕಲ್ಪಕ್ಕಿಂತ ಯಾವಾಗ, ಎಲ್ಲಿ, ಹೇಗೆ ಎಂಬುದನ್ನು ಮುಂಚಿತವಾಗಿ ನಿಶ್ಚಯಿಸಿಕೊಂಡ ಸಂಕಲ್ಪವು ಹೆಚ್ಚು ಕಾರ್ಯಗತವಾಗುತ್ತದೆ ಎಂದು ತೋರಿಸಿದರು. ನಮ್ಮ ಮನೆಗಳಿಗೆ ಅನ್ವಯಿಸಿ ಹೇಳುವುದಾದರೆ: ಕಾಲೇಜಿನಿಂದ ಬಂದು, ಕೈಕಾಲು ತೊಳೆದು, ಚಹಾ ಕುಡಿದ ಲೋಟವನ್ನು ಕೆಳಗಿಟ್ಟ ಕೂಡಲೇ ಕಿಟಕಿಯ ಪಕ್ಕದ ಮೇಜಿನಲ್ಲಿ ಗಣಿತದ ಮೊದಲ ಲೆಕ್ಕ. ಲೋಟ ಕೆಳಗಿಡುವುದೇ ಸೂಚನೆ. ಆಗ "ಈಗ ಓದಲೋ, ಆಮೇಲೆ ಓದಲೋ" ಎಂಬ ಹೊಯ್ದಾಟಕ್ಕೆ ಅವಕಾಶವೇ ಇರುವುದಿಲ್ಲ.

ಹುರುಪಿಗೂ ಓದುವ ಬಗೆಗೂ ಇರುವ ಸಂಬಂಧವನ್ನು ನಾವು ಹೆಚ್ಚಾಗಿ ಗಮನಿಸುವುದಿಲ್ಲ. ಬಹಳ ಮಕ್ಕಳು ಒಂದೇ ಪಾಠವನ್ನು ನಾಲ್ಕಾರು ಬಾರಿ ಓದುತ್ತಾರೆ, ಸಾಲುಗಳಿಗೆ ಹಳದಿ ಬಣ್ಣ ಬಳಿಯುತ್ತಾರೆ. ಪ್ರತಿ ಬಾರಿಯೂ ಪಾಠ ಪರಿಚಿತವಾಗಿ ಕಾಣುವುದರಿಂದ ತಿಳಿಯಿತೆಂಬ ತೃಪ್ತಿ. ಪರೀಕ್ಷೆಯಲ್ಲಿ ಅದೇ ಪಾಠ ನೆನಪಿಗೆ ಬಾರದಾಗ "ಇಷ್ಟು ಓದಿಯೂ ನನ್ನಿಂದಾಗದು" ಎಂಬ ನಿರಾಶೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಸಂಶೋಧಕರು 2006ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ಕೆಲವು ವಿದ್ಯಾರ್ಥಿಗಳು ಒಂದು ಬರಹವನ್ನು ಮತ್ತೆ ಮತ್ತೆ ಓದಿದರು, ಇನ್ನು ಕೆಲವರು ಓದಿ, ಮುಚ್ಚಿಟ್ಟು, ನೆನಪಿದ್ದುದನ್ನು ಬರೆದರು. ಐದು ನಿಮಿಷಗಳ ನಂತರ ಕೇಳಿದಾಗ ಮರಳಿ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು ಸ್ಪಷ್ಟವಾಗಿ ಮುಂದಿದ್ದರು. ಸ್ವಾರಸ್ಯವೆಂದರೆ ತಮಗೆ ಹೆಚ್ಚು ನೆನಪಿರುತ್ತದೆಂಬ ಭರವಸೆ ಇದ್ದದ್ದು ಮರಳಿ ಓದಿದವರಿಗೇ!

ಹಾಗಾಗಿ ಹಳೆಯ ಪ್ರಶ್ನಪತ್ರಿಕೆಗಳನ್ನು ಜನವರಿಗೆಂದು ಕಾದಿರಿಸದೆ, ಪ್ರತಿ ಅಧ್ಯಾಯ ಮುಗಿದಂತೆ ಆ ಅಧ್ಯಾಯದ ಪ್ರಶ್ನೆಗಳನ್ನು ಬರೆದು ನೋಡುವುದು ಮೇಲು. ಇದಕ್ಕಿಂತ ಸುಲಭವಾದ ಇನ್ನೊಂದು ದಾರಿ ನಮ್ಮ ಮನೆಗಳಲ್ಲೇ ಇದೆ. ಕಲಿತುದನ್ನು ಅಜ್ಜಿಗೋ ಅಮ್ಮನಿಗೋ ಕನ್ನಡದಲ್ಲಿ, ಇಲ್ಲವೇ ಮನೆಮಾತಾದ ತುಳು-ಕೊಂಕಣಿಯಲ್ಲಿ ವಿವರಿಸುವುದು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಸಸ್ಯಗಳು ನೀರನ್ನು ಹೀರುವ ಅಧ್ಯಾಯವೊಂದಿದೆ. ಉಪ್ಪಿಗೆ ಹಾಕಿದ ಮಾವಿನ ಮಿಡಿ ಎರಡೇ ದಿನದಲ್ಲಿ ಸುಕ್ಕುಗಟ್ಟಿ ಭರಣಿಯ ತುಂಬ ನೀರು ಬಿಡುವುದನ್ನು ಅಜ್ಜಿ ಬಾಲ್ಯದಿಂದ ಕಂಡಿದ್ದಾರೆ. ಅದೇಕೆ ಹಾಗಾಗುತ್ತದೆ ಎಂಬುದು ಮೊಮ್ಮಗಳಿಗೆ ಗೊತ್ತು. ಇಂಗ್ಲಿಷಿನಲ್ಲಿ ಕಂಠಪಾಠ ಮಾಡಿದ ವ್ಯಾಖ್ಯೆಯನ್ನು ಮನೆಮಾತಿನಲ್ಲಿ ಹೇಳಹೊರಟಾಗ ಎಲ್ಲಿ ತಡವರಿಸುತ್ತಾಳೋ ಅಲ್ಲಿ ಪಾಠ ಅರ್ಥವಾಗಿಲ್ಲವೆಂದು ಅವಳಿಗೇ ತಿಳಿಯುತ್ತದೆ. ಮಕ್ಕಳು ಕನ್ನಡ ಮಾತಾಡುವುದಿಲ್ಲವೆಂದು ಕೊರಗುವ ಅಜ್ಜಿಯಂದಿರಿಗೂ ಇದರಿಂದ ಅನುಕೂಲವೇ.

ಪ್ರಯಾಣದ ವಿಷಯವನ್ನು ಬಿಟ್ಟು ನಮ್ಮ ಪರಿಸರದ ವಿದ್ಯಾರ್ಥಿಗಳ ಬಗೆಗೆ ಬರೆಯಲು ಬರುವುದಿಲ್ಲ. ಡೊಂಬಿವಲಿ, ಕಲ್ಯಾಣ್‌ಗಳಿಂದ ಠಾಣೆಗೆ, ದಾದರಿಗೆ ತರಬೇತಿಗಾಗಿ ಹೋಗುವ ಮಕ್ಕಳು ಕಡಿಮೆಯಿಲ್ಲ. 2004ರಲ್ಲಿ ಠಾಣೆ-ವಾಶಿ ರೈಲು ಮಾರ್ಗ ತೆರೆದ ಮೇಲೆ ಐರೋಲಿ, ಕೋಪರ್‌ಖೈರಣೆಯವರಿಗೂ ಠಾಣೆ ಹತ್ತಿರವಾಯಿತು. ಡೊಂಬಿವಲಿಯಲ್ಲಿ ಬೆಳಗ್ಗಿನ ವೇಗದ ಲೋಕಲ್ ಹತ್ತುವುದೇ ಒಂದು ವ್ಯಾಯಾಮ. ನಿಂತು ಹೋಗಿ ನಿಂತು ಬಂದು, ರಾತ್ರಿ ಎಂಟಕ್ಕೆ ಮನೆ ಸೇರಿದ ಮಗು ಪುಸ್ತಕದ ಮುಂದೆ ತೂಕಡಿಸಿದರೆ ಅದು ಉತ್ಸಾಹದ ಕೊರತೆಯಲ್ಲ, ದಣಿವು. ದಣಿವಿಗೆ ಉಪದೇಶ ಮದ್ದಲ್ಲ, ನಿದ್ದೆಯೇ ಮದ್ದು. ಹೆಸರಾಂತ ತರಬೇತಿ ಕೇಂದ್ರವೇ ಆಗಿರಲಿ, ದಿನಕ್ಕೆ ಎರಡು ಗಂಟೆಗಳನ್ನು ಗಾಡಿಯಲ್ಲಿ ನುಂಗುವುದಾದರೆ ಅದಕ್ಕಿಂತ ಮನೆಯಿಂದ ನಡೆದು ಹೋಗಬಹುದಾದ ಸಾಧಾರಣ ಕೇಂದ್ರವೇ ವಾಸಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಶುಲ್ಕ ಕಟ್ಟುವ ಮೊದಲು ಗಂಟೆಗಳ ಲೆಕ್ಕ ಹಾಕಬೇಕು.

ಸ್ಥಳದ ಪ್ರಶ್ನೆಯೂ ಇದೆ. ಒಂದು ಕೋಣೆ, ಅಡುಗೆಮನೆ, ಹಾಲ್ ಇರುವ ಮನೆಯಲ್ಲಿ ಐದು ಮಂದಿ ಇದ್ದಾಗ ಏಕಾಗ್ರತೆ ಎಲ್ಲಿಂದ ಬರಬೇಕು? ಈ ನಗರಗಳಲ್ಲಿ ಅಲ್ಲಲ್ಲಿ ಇರುವ 'ಅಭ್ಯಾಸಿಕಾ'ಗಳು, ಅಂದರೆ ಅಲ್ಪ ಶುಲ್ಕದಲ್ಲಿ ಕುಳಿತು ಓದಲು ಮೇಜು ಕುರ್ಚಿ ಒದಗಿಸುವ ವಾಚನಕೊಠಡಿಗಳು, ಇಂಥ ಮನೆಗಳ ಮಕ್ಕಳಿಗೆ ದೊಡ್ಡ ಆಸರೆ. ಸುತ್ತ ಇಪ್ಪತ್ತು ಮಂದಿ ಮೌನವಾಗಿ ಓದುತ್ತಿರುವಾಗ ನಮ್ಮ ಕೈಯೂ ಮೊಬೈಲಿನ ಕಡೆಗೆ ಹೋಗಲು ಹಿಂಜರಿಯುತ್ತದೆ. ಓದುವ ಜಾಗವನ್ನು ಸಾರ್ವಜನಿಕವಾಗಿ ಒದಗಿಸುವ ಪರಂಪರೆ ಇಲ್ಲಿ ಹಳೆಯದು. ಕಲ್ಯಾಣಿನ ಸಾರ್ವಜನಿಕ ವಾಚನಾಲಯ 1864ರಲ್ಲಿ, ಠಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ 1893ರಲ್ಲಿ ಸ್ಥಾಪನೆಯಾದವು.

ಇಲ್ಲಿ ನಮ್ಮ ಸಂಘ-ಸಂಸ್ಥೆಗಳ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ಪ್ರತಿವರ್ಷ ಫಲಿತಾಂಶದ ನಂತರ ಪ್ರತಿಭಾ ಪುರಸ್ಕಾರ ನಡೆಸುತ್ತೇವೆ, ಶೇಕಡಾ 85-90 ದಾಟಿದವರಿಗೆ ಶಾಲು, ಪುಷ್ಪಗುಚ್ಛ, ಪ್ರಮಾಣಪತ್ರ ನೀಡುತ್ತೇವೆ. ಒಳ್ಳೆಯ ಕಾರ್ಯಕ್ರಮವೇ. ಆದರೆ ಅದು ಗೆದ್ದವರಿಗೆ, ಗೆದ್ದ ಮೇಲೆ. ಹುರುಪು ಬೇಕಾದುದು ನವೆಂಬರಿನಲ್ಲಿ, ಶೇಕಡಾ 60ರ ಆಸುಪಾಸಿನಲ್ಲಿ ಹೆಣಗುತ್ತಿರುವವರಿಗೆ. ಸಂಘದ ಸಭಾಗೃಹವಿದ್ದಲ್ಲಿ ವಾರದ ದಿನಗಳಲ್ಲಿ ಅದು ಬಹುತೇಕ ಖಾಲಿಯಾಗಿರುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಸಂಜೆ ಅದರ ಬಾಗಿಲು ತೆರೆದು, ದೀಪ, ಫ್ಯಾನು, ಕುಡಿಯುವ ನೀರಿನ ವ್ಯವಸ್ಥೆ ಮಾಡಿದರೆ ಸಾಕು. ಡೊಂಬಿವಲಿ ಕರ್ನಾಟಕ ಸಂಘವು ಮಂಜುನಾಥ ವಿದ್ಯಾಸಂಸ್ಥೆಗಳನ್ನೇ ಕಟ್ಟಿ ನಡೆಸುತ್ತಿರುವ ಈ ಪರಿಸರದಲ್ಲಿ ಇದು ಅಸಾಧ್ಯದ ಮಾತೇನಲ್ಲ.

ಇನ್ನು ಪಾಲಕರು ಬಳಸುವ ಎರಡು ಉಪಾಯಗಳ ಕುರಿತು. ಮೊದಲನೆಯದು ಆಮಿಷ. 90 ಬಂದರೆ ಬೈಕು, 85 ಬಂದರೆ ಹೊಸ ಮೊಬೈಲು. 1971ರಲ್ಲಿ ಅಮೆರಿಕದ ಎಡ್ವರ್ಡ್ ಡೆಸಿ ಎಂಬ ಮನಶ್ಶಾಸ್ತ್ರಜ್ಞರು ಒಗಟುಗಳನ್ನು ಬಿಡಿಸಲು ಕೆಲವು ವಿದ್ಯಾರ್ಥಿಗಳಿಗೆ ಹಣ ಕೊಟ್ಟು, ಬಳಿಕ ನಿಲ್ಲಿಸಿ ನೋಡಿದಾಗ, ಹಣ ಪಡೆದವರ ಸಹಜ ಆಸಕ್ತಿ ಕುಗ್ಗಿರುವುದನ್ನು ಕಂಡರು. ಎರಡು ವರ್ಷಗಳ ನಂತರ ಚಿತ್ರ ಬರೆಯುವುದನ್ನು ಇಷ್ಟಪಡುವ ಪುಟ್ಟ ಮಕ್ಕಳ ಮೇಲೆ ಬೇರೆ ಸಂಶೋಧಕರು ನಡೆಸಿದ ಪ್ರಯೋಗದಲ್ಲಿ, ಬಹುಮಾನದ ಆಶ್ವಾಸನೆ ಪಡೆದಿದ್ದ ಮಕ್ಕಳು ಮುಂದೆ ತಾವಾಗಿ ಚಿತ್ರ ಬರೆಯುವುದು ಕಡಿಮೆಯಾಯಿತು. ಅನಿರೀಕ್ಷಿತವಾಗಿ ಬಹುಮಾನ ಪಡೆದವರಲ್ಲಿ ಹಾಗಾಗಲಿಲ್ಲ. ಕಷ್ಟದ ಅಧ್ಯಾಯವೊಂದು ಮುಗಿದ ಸಂಜೆ ಹೇಳದೆ ಕೇಳದೆ ಮನೆಮಂದಿಯೆಲ್ಲ ಮಸಾಲೆದೋಸೆಗೆ ಹೊರಟರೆ ತೊಂದರೆಯಿಲ್ಲ ಎಂದು ನಾವು ಇದರಿಂದ ಅರ್ಥೈಸಿಕೊಂಡಿದ್ದೇವೆ.

ಎರಡನೆಯ ಉಪಾಯ ಹೆಚ್ಚು ಸೂಕ್ಷ್ಮವಾದದ್ದು, ಮತ್ತು ನಮ್ಮ ಸಮುದಾಯದಲ್ಲಿ ವಿಶೇಷವಾಗಿ ಬಳಕೆಯಲ್ಲಿರುವಂಥದ್ದು. "ನಿನ್ನ ಅಜ್ಜ ಹೋಟೇಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತರು, ನಿನಗೆ ಎಲ್ಲ ಇದ್ದೂ ಓದಲು ಏನು ಕಷ್ಟ?" ಈ ಮಾತಿನ ಹಿಂದಿರುವ ಇತಿಹಾಸ ಹೆಮ್ಮೆಪಡುವಂಥದ್ದೇ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡಗಳಿಂದ ಬರಿಗೈಯಲ್ಲಿ ಬಂದ ಹುಡುಗರು ಹಗಲು ಹೋಟೇಲು, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಪಾಠ ಕಲಿಯಲೆಂದೇ ಮುಂಬಯಿಯ ಕನ್ನಡಿಗರು ರಾತ್ರಿ ಶಾಲೆಗಳನ್ನು ಕಟ್ಟಿದರು. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯ ರಾತ್ರಿ ಶಾಲೆ, ಬಿಲ್ಲವರ ಅಸೋಸಿಯೇಶನಿನ ಗುರುನಾರಾಯಣ ರಾತ್ರಿ ಶಾಲೆ ಮುಂತಾದವು ಎಷ್ಟೋ ಮಂದಿಯನ್ನು ಬ್ಯಾಂಕು, ಕಚೇರಿ, ವಕೀಲಿ ವೃತ್ತಿಗಳಿಗೆ ದಾಟಿಸಿದ ಸೇತುವೆಗಳು.

ಆದರೆ ಆ ಹುಡುಗರ ಹುರುಪಿನ ಮೂಲ ಯಾವುದಾಗಿತ್ತು ಎಂಬುದನ್ನು ಯೋಚಿಸಬೇಕು. ಶಾಲೆಗೆ ಹೋಗೆಂದು ಅವರನ್ನು ಅಟ್ಟುವವರು ಈ ಊರಲ್ಲಿ ಯಾರೂ ಇರಲಿಲ್ಲ. ಹೋಗದಿದ್ದರೆ ಕೇಳುವವರೂ ಇರಲಿಲ್ಲ. ಓದಬೇಕೆಂಬುದು ಅವರ ಸ್ವಂತ ನಿರ್ಧಾರ. ಕಲಿತ ಪ್ರತಿ ಅಕ್ಷರದ ಉಪಯೋಗ ಮರುದಿನವೇ ಕಾಣಿಸುತ್ತಿತ್ತು: ಇಂಗ್ಲಿಷ್ ಬಂದರೆ ಗಲ್ಲಾಪೆಟ್ಟಿಗೆಯ ಬಳಿ ಕುಳಿತುಕೊಳ್ಳಬಹುದು, ಟೈಪಿಂಗ್ ಬಂದರೆ ಆಫೀಸಿನ ಕೆಲಸ. ಜೊತೆಗೆ ಪಕ್ಕದ ಬೆಂಚಿನಲ್ಲಿ ತನ್ನಂತೆಯೇ ದಣಿದು ಬಂದ ಗೆಳೆಯ, ದಣಿವನ್ನು ಅರಿತ ಮಾಸ್ತರರು. ಸ್ವಂತ ನಿರ್ಧಾರ, ಕಣ್ಣಿಗೆ ಕಾಣುವ ಪ್ರಗತಿ, ಜೊತೆಗಾರರು ಇವಿಷ್ಟು ಅವರಿಗಿದ್ದವು. ಡೆಸಿಯವರು ಮುಂದೆ ರಿಚರ್ಡ್ ರಯಾನ್ ಅವರೊಡಗೂಡಿ ಮಂಡಿಸಿದ ಸಿದ್ಧಾಂತವು ಪ್ರೇರಣೆಗೆ ಬೇಕೆಂದು ಹೇಳುವುದೂ ಹೆಚ್ಚುಕಡಿಮೆ ಇವನ್ನೇ. ಅಜ್ಜನ ಕಷ್ಟವನ್ನು ಮೊಮ್ಮಗನ ಮೇಲೆ ಸಾಲದಂತೆ ಹೊರಿಸಿದಾಗ ಈ ಮೂರರಲ್ಲಿ ಮೊದಲನೆಯದನ್ನೇ ಕಸಿದುಕೊಂಡಂತಾಗುತ್ತದೆ. ತಾನು ಮಾಡದ ಸಾಲಕ್ಕೆ ಕಂತು ಕಟ್ಟುವವನಲ್ಲಿ ಉತ್ಸಾಹವನ್ನು ಹುಡುಕುವುದು ವ್ಯರ್ಥ. ಅದೇ ಕಥೆಯನ್ನು ಬೇರೊಂದು ದಿನ, ಓದಿನ ಮಾತೇ ಎತ್ತದೆ, ಅಜ್ಜ ಹೇಗಿದ್ದರು ಎಂದು ತಿಳಿಸಲಷ್ಟೇ ಹೇಳಿದರೆ ಅದರ ಪರಿಣಾಮ ಬೇರೆಯೇ ಆದೀತು.

ಸ್ವಂತ ನಿರ್ಧಾರವೆಂದರೆ ಎಲ್ಲವನ್ನೂ ಮಕ್ಕಳಿಗೆ ಬಿಡುವುದಲ್ಲ. ಯಾವ ವಿಷಯ ಮೊದಲು, ಬೆಳಿಗ್ಗೆಯೋ ರಾತ್ರಿಯೋ, ಮನೆಯಲ್ಲೋ ಅಭ್ಯಾಸಿಕಾದಲ್ಲೋ, ನೀಟ್ ಮತ್ತು ಸಿ.ಇ.ಟಿ. ಎರಡೂ ಬೇಕೋ ಒಂದೇ ಸಾಕೋ ಎಂಬಂಥ ಪ್ರಶ್ನೆಗಳಲ್ಲಿ ಅವರ ಮಾತೇ ಕಡೆಯ ಮಾತಾಗಬೇಕು. ಎಂಜಿನಿಯರಿಂಗ್ ಏಕೆ ಎಂದು ಕೇಳಿದರೆ "ಪಪ್ಪ ಹೇಳಿದರು" ಎಂಬ ಉತ್ತರ ಬಂದಲ್ಲಿ, ನವೆಂಬರಿನ ನಿರುತ್ಸಾಹದ ಕಾರಣವನ್ನು ಬೇರೆಲ್ಲೂ ಹುಡುಕಬೇಕಾಗಿಲ್ಲ.

ಊರಿನ ಮಕ್ಕಳೊಂದಿಗಿನ ಹೋಲಿಕೆಯೂ ನಿಲ್ಲಬೇಕು. 2025ರ ದ್ವಿತೀಯ ಪಿ.ಯು.ಸಿ. ಫಲಿತಾಂಶದಲ್ಲಿ ಉಡುಪಿ ಪ್ರಥಮ, ದಕ್ಷಿಣ ಕನ್ನಡ ದ್ವಿತೀಯ ಸ್ಥಾನದಲ್ಲಿದ್ದವು. ಅಲ್ಲಿನ ದೊಡ್ಡಪ್ಪನ ಮಗಳಿಗೆ 600ರಲ್ಲಿ 590 ಎಂಬ ಸುದ್ದಿ ವಾಟ್ಸಾಪಿನಲ್ಲಿ ಬಂದ ಕ್ಷಣದಿಂದ ಇಲ್ಲಿನ ಹುಡುಗ ಊಟದ ತಟ್ಟೆಯ ಮುಂದೆ ಅಪರಾಧಿ. ಎರಡು ರಾಜ್ಯಗಳ ಮಂಡಳಿ ಬೇರೆ, ಪ್ರಶ್ನಪತ್ರಿಕೆ ಬೇರೆ, ಮೌಲ್ಯಮಾಪನ ಬೇರೆ. ಕರ್ನಾಟಕದಲ್ಲಿ 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಬಂದು, ಉತ್ತಮ ಅಂಕವನ್ನು ಉಳಿಸಿಕೊಳ್ಳುವ ಅವಕಾಶ ಒದಗಿತು. ಗಜ ಬೇರೆಯಾದಾಗ ಅಳತೆಯನ್ನು ಹೋಲಿಸುವುದೆಂತು?

ಮೊಬೈಲಿನ ಬಗೆಗೆ ಹೊಸದಾಗಿ ಹೇಳುವುದೇನೂ ಇಲ್ಲ. ಕಾಲೇಜಿನ ಸೂಚನೆ, ಟಿಪ್ಪಣಿ ಎಲ್ಲವೂ ಅದರಲ್ಲೇ ಬರುವುದರಿಂದ ಸಂಪೂರ್ಣ ನಿಷೇಧ ನಡೆಯದು. ಓದುವ ಎರಡು ಗಂಟೆ ಅದು ಬೇರೆ ಕೋಣೆಯಲ್ಲಿರಲಿ, ಆ ಹೊತ್ತಿನಲ್ಲಿ ಅಪ್ಪ-ಅಮ್ಮನ ಮೊಬೈಲೂ ಅದರ ಪಕ್ಕದಲ್ಲೇ ಇರಲಿ.

ಕೆಲವೊಮ್ಮೆ ನಿರುತ್ಸಾಹವು ಇಷ್ಟಕ್ಕೇ ನಿಲ್ಲುವುದಿಲ್ಲ. ವಾರಗಟ್ಟಲೆ ನಿದ್ದೆ ಬಾರದಿರುವುದು, ಊಟ ಬಿಡುವುದು, ಗೆಳೆಯರಿಂದ ದೂರವಾಗುವುದು, ಬದುಕಿನ ಬಗ್ಗೆಯೇ ಬೇಸರದ ಮಾತಾಡುವುದು ಕಂಡುಬಂದರೆ ಅದನ್ನು ಪರೀಕ್ಷೆಯ ಒತ್ತಡವೆಂದು ತಳ್ಳಿಹಾಕದೆ ಕೂಡಲೇ ವೈದ್ಯರನ್ನು ಕಾಣಬೇಕು. ಕೇಂದ್ರ ಸರಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮಾರ್ಗದರ್ಶಕ ಸಂಸ್ಥೆ. ಕನ್ನಡದಲ್ಲಿ ಮಾತಾಡುವ ಅನುಕೂಲವೂ ಉಂಟು.

ಪರೀಕ್ಷೆ ಹತ್ತಿರವಾದಂತೆ ಸಣ್ಣ ಸಂಗತಿಗಳೂ ಧೈರ್ಯ ಕೊಡುತ್ತವೆ. ಪರೀಕ್ಷಾ ಕೇಂದ್ರ ಎಲ್ಲಿದೆಯೆಂದು ಪ್ರವೇಶಪತ್ರ ಬಂದ ವಾರವೇ ಒಮ್ಮೆ ಹೋಗಿ ನೋಡಿ ಬರುವುದು ಒಳ್ಳೆಯದು. ಮಧ್ಯ ರೈಲ್ವೆಯ ಗಾಡಿಗಳನ್ನು ನಂಬಿ ಕಡೆಯ ಗಳಿಗೆಯಲ್ಲಿ ಹೊರಡುವ ಸಾಹಸ ಬೇಡ. 2023ರಿಂದ ಮಂಡಳಿಯು ಪ್ರಶ್ನಪತ್ರಿಕೆಯನ್ನು ಹತ್ತು ನಿಮಿಷ ಮೊದಲು ಕೊಡುವುದನ್ನು ನಿಲ್ಲಿಸಿ, ಆ ಹತ್ತು ನಿಮಿಷಗಳನ್ನು ಕೊನೆಗೆ ಸೇರಿಸಿದೆ. ಮನೆಯಲ್ಲಿ ಪೂರ್ಣ ಪ್ರಶ್ನಪತ್ರಿಕೆ ಬಿಡಿಸುವಾಗಲೂ ಗಡಿಯಾರವನ್ನು ಹಾಗೆಯೇ ಇಟ್ಟುಕೊಂಡರೆ ಕೈಗೆ ಅಭ್ಯಾಸವಾಗುತ್ತದೆ.

ಒಂದೆರಡು ವಿಷಯಗಳಲ್ಲಿ ಅಂಕ ಕೈಕೊಟ್ಟರೂ ವರ್ಷ ಹಾಳಾಗುವುದಿಲ್ಲವೆಂಬ ಅರಿವು ಓದುವಾಗಲೇ ಇದ್ದರೆ ಭಯದ ತೂಕ ಇಳಿಯುತ್ತದೆ. ಅನುತ್ತೀರ್ಣರಾದವರಿಗೆ ಅದೇ ವರ್ಷದ ಮಳೆಗಾಲದಲ್ಲಿ ಪೂರಕ ಪರೀಕ್ಷೆ ನಡೆಯುತ್ತದೆ. ಉತ್ತೀರ್ಣರಾಗಿಯೂ ಅಂಕ ಸಾಲದೆನಿಸಿದವರಿಗೆ ಶ್ರೇಣಿ ಸುಧಾರಣೆಯ ಯೋಜನೆಯಿದೆ. ರಾಜ್ಯದ ಎಂಜಿನಿಯರಿಂಗ್ ಪ್ರವೇಶಕ್ಕೆ ಸಿ.ಇ.ಟಿ.ಯ ಜೊತೆಗೆ ಹನ್ನೆರಡನೆಯ ತರಗತಿಯ ನಿಗದಿತ ವಿಷಯಗಳಲ್ಲಿ ಸಾಮಾನ್ಯ ವರ್ಗದವರಿಗೆ ಕನಿಷ್ಠ ಶೇಕಡಾ 45 ಬೇಕಾಗುವುದರಿಂದ, ಆ ಗಡಿಯ ಕೆಳಗೆ ಉಳಿದವರಿಗೂ ಇದು ಉಪಯುಕ್ತ. ಇವೆರಡಕ್ಕೂ ಅರ್ಜಿಯನ್ನು ಕಾಲೇಜಿನ ಮೂಲಕ ಸಲ್ಲಿಸಬೇಕಾಗಿದ್ದು, ಗಡುವು ಫಲಿತಾಂಶದ ಬೆನ್ನಲ್ಲೇ ಬರುತ್ತದೆ. ಆದುದರಿಂದ ಊರಿಗೆ ಹೊರಡುವ ಟಿಕೆಟನ್ನು ಒಂದು ವಾರ ಮುಂದಕ್ಕೆ ಹಾಕಿಯಾದರೂ ಕಾಲೇಜಿನ ಕಚೇರಿಗೆ ಹೋಗಿ ವಿಚಾರಿಸಿಕೊಂಡು ಬರುವುದು ಒಳ್ಳೆಯದು.